ಎಂಜಿನ್ ಅಡಿಗೆ ಹಾಕಿಸಿದ ಸ್ಟೀಲ್ ಜಾಲರಿ: ನಾಲ್ಕು ಮಳೆಗಾಲಗಳ ಬಳಕೆಯ ನಂತರ

ನಮ್ಮ ಡೀಸೆಲ್ ಕಾರಿನ ಎಂಜಿನ್ ಕೆಳಭಾಗಕ್ಕೆ ಇಲಿ ತಡೆಯುವ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ಹಾಕಿಸಿದ್ದು 2021ರ ಜೂನ್‌ನಲ್ಲಿ. ಅದಕ್ಕೂ ಮೊದಲು, ಕೊಂಡ ಮರುವಾರವೇ ಜನ ಬರೆದ ಹೊಗಳಿಕೆಗಳನ್ನು ನಂಬಿ ಮೂರು ಬಗೆಯ ಉಪಾಯಗಳಿಗೆ ಹಣ ಸುರಿದಿದ್ದೆ. ಇಲಿಯ ವಿಚಾರದಲ್ಲಿ ಒಂದು ವಾರದ ಅನುಭವದಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಹೊಸದಾಗಿ ಕಂಡ ಯಾವ ವಸ್ತುವಿನಿಂದಲೂ ಇಲಿ ಕೆಲವು ದಿನ ತಾನಾಗಿಯೇ ದೂರ ಇರುತ್ತದೆ. ಆದ್ದರಿಂದಲೇ ನಾಲ್ಕು ಮಳೆಗಾಲ ಕಳೆಯುವವರೆಗೆ ಕಾದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯ ಕಡೆ. ಕಾರು ನಿಲ್ಲುವ ಶೆಡ್ಡಿನ ಒಂದು ಪಕ್ಕ ಕೊಟ್ಟಿಗೆ, ಇನ್ನೊಂದು ಪಕ್ಕ ಅಡಿಕೆ ಮೂಟೆ ಇಡುವ ಕೋಣೆ. ಮಳೆ ಹಿಡಿದು ಗದ್ದೆಯ ಬದುವಿನ ಬಿಲಗಳಿಗೆ ನೀರು ನುಗ್ಗಿತೆಂದರೆ ಹೆಗ್ಗಣವೂ ಇಲಿಯೂ ಒಣ ಜಾಗ ಹುಡುಕಿಕೊಂಡು ಮನೆಯ ಕಡೆಗೇ ಬರುತ್ತವೆ. ವಾರಕ್ಕೆ ಎರಡು ಸಲ ಮಾತ್ರ ಹೊರಡುವ ಕಾರಿನ ಎಂಜಿನ್ ಕೋಣೆ ಅವಕ್ಕೆ ಕತ್ತಲೂ ಬೆಚ್ಚನೆಯೂ ಆದ ಗೂಡು. 2019ರ ಜುಲೈಯಲ್ಲಿ ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಯಿತಾದರೂ ಎಂಜಿನ್ ದೀಪ ಆರಲಿಲ್ಲ, ಏರು ಹತ್ತುವಾಗ ಎಳೆತವೇ ಇರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ಮೇಲೆ ಅರ್ಧ ಸುಲಿದ ಗೋಟಡಿಕೆ, ಅದರ ಪಕ್ಕ ಬಾನೆಟ್ಟಿನ ಒಳಮೈಯ ಹತ್ತಿಯಂಥ ಹಾಸನ್ನು ಕಿತ್ತು ತಂದು ಮಾಡಿದ ಒಂದು ಬೊಗಸೆಯಷ್ಟು ಗೂಡು. ಇಂಜೆಕ್ಟರಿಗೆ ಹೋಗುವ ಎರಡು ವೈರುಗಳ ಹೊದಿಕೆಯನ್ನು ಹಿತಕಿದ ಅವರೆಯ ಸಿಪ್ಪೆಯಂತೆ ಬಿಡಿಸಿ ಹಾಕಿತ್ತು. ಒಳಗಿನ ತಾಮ್ರದ ಎಳೆಗಳು ಹೊಳೆಯುತ್ತಿದ್ದವು, ಒಂದೆರಡು ಮಾತ್ರ ತುಂಡಾಗಿದ್ದವು.

ಸರ್ವಿಸ್ ಸೆಂಟರಿನಲ್ಲಿ ಇಡೀ ವೈರಿಂಗ್ ಕಟ್ಟನ್ನೇ ಬದಲಿಸಬೇಕು, 38,000 ರೂಪಾಯಿ ಆಗುತ್ತದೆ ಎಂದರು. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಕಡಿದ ಜಾಗವನ್ನಷ್ಟೇ ಕತ್ತರಿಸಿ, ಅದೇ ದಪ್ಪದ ವೈರನ್ನು ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ತೋಳು ಹೊದಿಸಿ 4,500 ರೂಪಾಯಿಗೆ ಮುಗಿಸಿದರು. ಆ ಜೋಡಣೆ ಇಂದಿಗೂ ಗಟ್ಟಿಯಾಗಿದೆ. ವಿಮೆಯ ಕಡೆಗೆ ನಾನು ಹೋಗಲಿಲ್ಲ. ಕ್ಲೇಮು ಮಾಡದ ಮೊದಲ ವರ್ಷಕ್ಕೆ 20 ಶೇಕಡ ಸಿಗುವ ರಿಯಾಯಿತಿ ಐದು ವರ್ಷಕ್ಕೆ 50 ಶೇಕಡಕ್ಕೆ ಏರಿರುತ್ತದೆ, ಒಂದು ಸಣ್ಣ ಕ್ಲೇಮಿನಿಂದ ಅಷ್ಟೂ ಕೈತಪ್ಪುತ್ತದೆ. ದುರಸ್ತಿಯ ಮೊತ್ತವನ್ನೂ ಕಳೆದುಕೊಳ್ಳುವ ರಿಯಾಯಿತಿಯನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಿಯೇ ಮುಂದುವರಿಯುವುದು ಒಳ್ಳೆಯದು.

ಹೊಸ ಕಾರುಗಳ ವೈರಿನ ಹೊದಿಕೆಗೆ ಸೋಯಾ ಬಳಸುವುದರಿಂದಲೇ ಇಲಿ ಬರುತ್ತದೆ ಎಂದು ಹಲವರು ಹೇಳಿದರು. ನಮ್ಮ ತೋಟದ ಹಳೆಯ ಪಂಪ್‌ಸೆಟ್ಟಿನ ಪಿವಿಸಿ ವೈರನ್ನೂ, ಟಾರ್ಪಾಲನ್ನೂ, ಸ್ಪ್ರಿಂಕ್ಲರ್ ಪೈಪನ್ನೂ ಇಲಿ ಕಡಿದದ್ದನ್ನು ಕಂಡಿರುವ ನನಗೆ ಆ ಮಾತು ಅಷ್ಟು ಮುಖ್ಯ ಅನ್ನಿಸಲಿಲ್ಲ. ಇಲಿಯ ಮುಂದಿನ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅದು ದಿನವೂ ಏನನ್ನಾದರೂ ಕಡಿಯಲೇಬೇಕು. ಒಳಗೆ ಬಂದ ಇಲಿ ಕಡಿಯದಂತೆ ಮಾಡುವ ದಾರಿ ಇಲ್ಲ, ಒಳಗೆ ಬರದಂತೆ ಮಾಡುವ ದಾರಿ ಮಾತ್ರ ಇದೆ. ಇದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಮೊದಲು ಮಾಡಿದ್ದು ಎಲ್ಲರೂ ಹೇಳುವ ಹೊಗೆಸೊಪ್ಪಿನ ಉಪಾಯ. ಬಟ್ಟೆಯ ಗಂಟು ಕಟ್ಟಿ ಎಂಜಿನ್ ಬದಿಯಲ್ಲಿ ತೂಗಿಸಿದ್ದೆ. ವಾಸನೆ ಇರುವವರೆಗೆ, ಅಂದರೆ ಸುಮಾರು ಹತ್ತು ದಿನ, ಹಿಕ್ಕೆ ಕಾಣಲಿಲ್ಲ. ಮಲೆನಾಡಿನ ತೇವಕ್ಕೆ ಸೊಪ್ಪು ಬೂಷ್ಟು ಹಿಡಿದ ಮೇಲೆ ಆ ಗಂಟಿನ ಬಟ್ಟೆಯೇ ಗೂಡು ಸೇರಿತು. ಆಮೇಲೆ ತಂದ ಸ್ಪ್ರೇ ಕೂಡ ಹೀಗೆಯೇ. ಡಬ್ಬಿಯ ಮೇಲೆ ಮೂರು ತಿಂಗಳು ಎಂದು ಬರೆದಿದ್ದರೂ ಎಂಜಿನ್ನಿನ ಶಾಖಕ್ಕೂ ಚಕ್ರದಿಂದ ಎರಚುವ ನೀರಿಗೂ ಸಿಕ್ಕಿ ಮೂರು ವಾರ ಉಳಿದರೆ ಹೆಚ್ಚು. ಒಣ ಊರಿನಲ್ಲಿ, ದಿನವೂ ಓಡಿಸುವ ಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಕಾಲ ನಿಂತೀತು; ನಮ್ಮಲ್ಲಿ ನಿಲ್ಲಲಿಲ್ಲ.

ಮೂರನೆಯದಾಗಿ, 2020ರ ಜನವರಿಯಲ್ಲಿ, ಬ್ಯಾಟರಿಗೆ ಜೋಡಿಸುವ ಅಲ್ಟ್ರಾಸಾನಿಕ್ ಸಾಧನ ತಂದೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈಗಲೂ ಜನ ಹೆಚ್ಚು ಕೊಳ್ಳುವುದು ಇದನ್ನೇ. ನಮ್ಮ ಕಿವಿಗೆ ಕೇಳುವ ಮಿತಿ 20 ಕಿಲೋಹರ್ಟ್ಜ್. ಅದಕ್ಕಿಂತ ಮೇಲಿನ ಶಬ್ದ ಇಲಿಗೆ ಚೆನ್ನಾಗಿ ಕೇಳುತ್ತದೆ, ಅಷ್ಟರ ಮಟ್ಟಿಗೆ ಮಾರುವವರ ಮಾತು ನಿಜ. ಆದರೆ ಅಷ್ಟು ಎತ್ತರದ ಶಬ್ದ ಗಟ್ಟಿ ವಸ್ತುವನ್ನು ದಾಟುವುದಿಲ್ಲ, ದೂರ ಹೋದಂತೆ ಬೇಗ ಕುಗ್ಗುತ್ತದೆ. ಎಂಜಿನ್ ಕೋಣೆಯ ತುಂಬ ಕಬ್ಬಿಣ, ಪೈಪು, ಡಬ್ಬಿಗಳೇ ಇರುವಾಗ ಅವುಗಳ ಮರೆಯಲ್ಲಿ ಕುಳಿತ ಇಲಿಗೆ ಅದು ತಾಗುವುದೇ ಕಡಿಮೆ, ತಾಗಿದ ಇಲಿಯೂ ಕೆಲವು ದಿನಗಳಲ್ಲಿ ರೂಢಿ ಮಾಡಿಕೊಳ್ಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ ಇಂಥ ಸಾಧನಗಳ ತಯಾರಕರಿಗೂ ಮಾರಾಟಗಾರರಿಗೂ, ವೈಜ್ಞಾನಿಕ ಆಧಾರವಿಲ್ಲದೆ ಪರಿಣಾಮದ ಭರವಸೆ ಕೊಡಬಾರದೆಂದು ಎಚ್ಚರಿಕೆಯ ಪತ್ರ ಬರೆದಿತ್ತು. ಅದನ್ನು ನಾನು ಓದಿದ್ದು ಹಣ ಕೊಟ್ಟ ಮೇಲೆ. ಲಾಕ್‌ಡೌನ್‌ನಲ್ಲಿ ಕಾರು ಮೂರು ವಾರ ಕದಲದೆ ನಿಂತಾಗ ಆ ಸಾಧನ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿತು. ಅದೇ ಆಗಸ್ಟ್‌ನಲ್ಲಿ, ಸಾಧನದ ಹಸಿರು ದೀಪ ಮಿನುಗುತ್ತಿರುವಾಗಲೇ, ಅದರಿಂದ ಒಂದು ಗೇಣು ದೂರದಲ್ಲಿದ್ದ ವೈಪರ್ ನೀರಿನ ನಳಿಕೆಯನ್ನು ಇಲಿ ಎರಡು ತುಂಡು ಮಾಡಿತ್ತು.

ಈಗ ಜಾಲರಿಯ ವಿಷಯ. ನಾನು ಹಾಕಿಸಿದ್ದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಕಣ್ಣಿನ ಅಗಲ 6 ಮಿಲಿಮೀಟರ್. ಕಣ್ಣಿನ ಅಳತೆಯೇ ಇದರ ಜೀವ. ಬೆಳೆದ ಇಲಿಗೆ ಸುಮಾರು 12 ಮಿಲಿಮೀಟರ್ ಸಂದು ಸಿಕ್ಕರೆ ಸಾಕು, ಚಿಕ್ಕಿಲಿಗೆ ಅದರ ಅರ್ಧ ಸಾಕು. ತಲೆ ತೂರಿದರೆ ಮೈ ತೂರುತ್ತದೆ. ಕೋಳಿಗೂಡಿನ ಬಲೆಯನ್ನು ಕಟ್ಟಿ ಇದೂ ಜಾಲರಿಯೇ ಎನ್ನುವವರ ಮಾತಿಗೆ ಮರುಳಾಗಬಾರದು. ಜಿಐ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಜಾಲರಿ ಇದರ ಮೂರನೇ ಒಂದು ಭಾಗದ ಬೆಲೆಗೆ ಸಿಗುತ್ತದೆ, ಆದರೆ ನೆರೆಮನೆಯ ಗಾಡಿಗೆ ಹಾಕಿಸಿದ್ದು ಎರಡನೆಯ ಮಳೆಗಾಲಕ್ಕೆ ತುಕ್ಕು ಹಿಡಿದು ಕೈಯಲ್ಲಿ ಮುರಿಯುವಂತಾಯಿತು. ನನಗೆ ಕೂಲಿ ಸೇರಿ 6,200 ರೂಪಾಯಿ ಆಯಿತು.

ಎಂಜಿನ್ ಅಡಿಯನ್ನು ಪೂರ್ತಿ ಮುಚ್ಚಲು ಸಾಧ್ಯವಿಲ್ಲ ಎಂಬುದನ್ನು ಮಾರುವವರು ಮೊದಲೇ ಹೇಳಬೇಕಿತ್ತು. ಚಕ್ರಕ್ಕೆ ಹೋಗುವ ಆಕ್ಸಲ್ಲೂ ಸ್ಟೀರಿಂಗ್ ರಾಡೂ ಮೇಲೆ ಕೆಳಗೆ ಅಲುಗಾಡುವುದರಿಂದ ಅವುಗಳ ಸುತ್ತ ಸಂದು ಬಿಡಲೇಬೇಕು. ಇಲಿ ಹತ್ತುವುದೂ ಟೈರಿನ ಮೂಲಕವೇ. ಮೊದಲ ವಾರ ಆ ಎರಡು ಬೆರಳಗಲದ ಸಂದಿನಲ್ಲಿಯೇ ಅದು ಒಳಗೆ ಹೋದದ್ದನ್ನು ಕಂಡು, ಜಾಲರಿಯನ್ನು ಚಕ್ರದ ಗೂಡಿನವರೆಗೂ ವಿಸ್ತರಿಸಿ, ಆಕ್ಸಲ್ ಸುತ್ತ ಹಳೆಯ ಟ್ಯೂಬಿನ ದಪ್ಪ ರಬ್ಬರನ್ನು ಸೀಳಿ ಎರಡು ಪದರವಾಗಿ ತೂಗುಬಿಡಿಸಿದೆ. ರಬ್ಬರನ್ನು ಅದು ಕಡಿಯಬಲ್ಲದು, ಕಡಿದದ್ದೂ ಉಂಟು, ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಸೈಲೆನ್ಸರ್ ಪೈಪಿನ ಹತ್ತಿರ ಪ್ಲಾಸ್ಟಿಕ್ ಟೈ ಬಳಸಿದರೆ ಕರಗುತ್ತದೆ, ಅಲ್ಲಿ ಸ್ಟೀಲ್ ಟೈ ಬೇಕು. ಇದಕ್ಕಿಂತ ಗಂಭೀರವಾದ ಸಂಗತಿ ಒಣ ಎಲೆಯದು. ಬೇಸಿಗೆಯಲ್ಲಿ ತರಗೆಲೆ ಜಾಲರಿಯ ಮೇಲೆ ಬಂದು ಕೂರುತ್ತದೆ, ಬಿಸಿ ಪೈಪಿಗೆ ತಾಗಿದರೆ ಬೆಂಕಿ ಹತ್ತುವ ಅಪಾಯವಿದೆ. ತಿಂಗಳಿಗೊಮ್ಮೆ ಗಾಳಿ ಹೊಡೆಸಿ ತೆಗೆಯದವರು ಈ ಜಾಲರಿ ಹಾಕಿಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರ್ವಿಸ್ ವೇಳೆ ಆಯಿಲ್ ಬದಲಿಸಲು ಇದನ್ನು ಬಿಚ್ಚಬೇಕು. ಬಿಚ್ಚಿ ಹಾಕಲು ನಲವತ್ತು ನಿಮಿಷ ಹಿಡಿಯುತ್ತದೆ. ಒಮ್ಮೆ ಹಾಗೆ ಬಿಚ್ಚಿದವರು ಎರಡು ಬೋಲ್ಟು ಹಾಕುವುದನ್ನೇ ಮರೆತು ಕಳಿಸಿದ್ದರಿಂದ ಮಣ್ಣುರಸ್ತೆಯಲ್ಲಿ ಗಡಗಡ ಶಬ್ದ ಬಂತು. ಈಗ ನಾನೇ ನಿಂತು ಎಣಿಸುತ್ತೇನೆ, ಒಟ್ಟು ಹದಿನಾಲ್ಕು. ಎಂಜಿನ್ ಶಾಖದಲ್ಲಿ, ಮೈಲೇಜಿನಲ್ಲಿ, ಎಸಿಯಲ್ಲಿ ಯಾವ ವ್ಯತ್ಯಾಸವನ್ನೂ ನಾನು ಕಂಡಿಲ್ಲ. ರೇಡಿಯೇಟರಿನ ಮುಂಭಾಗಕ್ಕೆ ಮಾತ್ರ ಜಾಲರಿ ಹಾಕಿಸಿಲ್ಲ.

ಮೊದಲ ಎರಡು ಮಳೆಗಾಲ ಒಂದು ಹಿಕ್ಕೆಯೂ ಕಾಣಲಿಲ್ಲ. ಮೂರನೆಯ ವರ್ಷ ಎಸಿ ಹಾಕಿದಾಗ ಮೂತ್ರದ ವಾಸನೆ ಬಂತು. ಮುಂಗಾಜಿನ ಬುಡದಲ್ಲಿ, ವೈಪರ್ ಕೂರುವ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಹೊರಗಿನ ಗಾಳಿ ಒಳಗೆ ಬರುವ ಬಾಯಿ ಇದೆ. ಶೆಡ್ಡಿನ ಜಂತಿಯಿಂದ ಇಳಿದ ಇಲಿ ಅಲ್ಲಿಂದ ನುಗ್ಗಿ ಗ್ಲೋವ್ ಬಾಕ್ಸ್ ಹಿಂದಿನ ಫಿಲ್ಟರನ್ನು ಹರಿದು ಗೂಡು ಮಾಡಿತ್ತು. ಹೆಗ್ಗಣ ನೆಲ ತೋಡುತ್ತದೆ, ಮನೆಯಿಲಿ ಮೇಲಿನಿಂದ ಬರುತ್ತದೆ. ಕೆಳಗಷ್ಟೇ ಮುಚ್ಚಿದ್ದು ನನ್ನ ತಪ್ಪು. ಆ ಬಾಯಿಗೂ ಅಂಗೈಯಗಲದ ಜಾಲರಿ ಕೂರಿಸಿದ ಮೇಲೆ ಆ ದಾರಿ ಮುಚ್ಚಿತು. ಗಾಡಿ ನಿಲ್ಲಿಸುವಾಗ ಎಸಿಯನ್ನು ಒಳಗಾಳಿ ಸುತ್ತುವ ಸ್ಥಿತಿಯಲ್ಲಿ ಬಿಟ್ಟರೆ ಒಳಗಿನ ಬಾಗಿಲು ಮುಚ್ಚಿರುತ್ತದೆ, ಅದನ್ನೂ ರೂಢಿ ಮಾಡಿಕೊಂಡಿದ್ದೇನೆ.

ಗೂಡು ತೆಗೆಯುವಾಗ ಒಣಗಿದ್ದನ್ನು ಗುಡಿಸಬಾರದು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಮಲೆನಾಡಿನಲ್ಲಿ ಮಳೆಗಾಲದ ಆ ಭಯ ಎಲ್ಲರಿಗೂ ಗೊತ್ತಿರುವಂಥದ್ದು. ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಿ ತೆಗೆದೆ. ಮೂತ್ರದ ವಾಸನೆ ಉಳಿದರೆ ಅದರ ಜಾಡು ಹಿಡಿದು ಇನ್ನೊಂದು ಇಲಿ ಬರುತ್ತದೆ, ಆದ್ದರಿಂದ ಈ ಕೆಲಸ ಮುಗಿಸದೆ ಜಾಲರಿ ಕೂರಿಸಿ ಪ್ರಯೋಜನವಿಲ್ಲ.

ಜಾಲರಿಯ ಜೊತೆಗೆ ಶೆಡ್ಡಿನಲ್ಲಿ ಎರಡು ಬೋನು ಇಟ್ಟಿದ್ದೇನೆ. ಎಲ್ಲಿಡಬೇಕೆಂದು ತಿಳಿಯಲು ರಾತ್ರಿ ಗೋಡೆಯ ಅಂಚಿಗೆ ತೆಳುವಾಗಿ ರಂಗೋಲಿ ಪುಡಿ ಉದುರಿಸಿದ್ದೆ; ಬೆಳಿಗ್ಗೆ ಹೆಜ್ಜೆಯ ಸಾಲು, ಅದರ ನಡುವೆ ಬಾಲ ಎಳೆದ ಗೆರೆ, ನೇರ ಮುಂದಿನ ಎಡ ಚಕ್ರದವರೆಗೆ ಸ್ಪಷ್ಟವಾಗಿ ಮೂಡಿತ್ತು. ಆ ಸಾಲಿನಲ್ಲಿಯೇ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಬೋನಿಟ್ಟರೆ ಬೀಳುತ್ತವೆ. ವಿಷದ ಬಿಲ್ಲೆ ಮಾತ್ರ ಇಡುವುದಿಲ್ಲ. ಬ್ರೋಮಾಡಿಯೋಲೋನ್ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಅದನ್ನು ಹಿಡಿದು ತಿಂದ ಗೂಬೆಗೂ ಬೆಕ್ಕಿಗೂ ವಿಷ ಏರುತ್ತದೆ. ನಮ್ಮ ಅಡಿಕೆ ಕೋಣೆಯ ಮಾಡಿನಲ್ಲಿ ಕಣಜಗೂಬೆಯ ಜೋಡಿಯೊಂದು ವರ್ಷಗಳಿಂದ ಇದೆ. ನನ್ನ ಕಾರಿನ ವೈರುಗಳಿಗಾಗಿ ಅವು ಸಾಯುವುದು ನನಗೆ ಬೇಡ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕ ಆಕ್ಸಲ್ ಸಂದಿಗೆ ತಯಾರಕರು ಯಾವ ಪರಿಹಾರವನ್ನೂ ಕೊಡದಿರುವುದಕ್ಕೆ. ಕೊಳ್ಳುವ ಮೊದಲು ಕಣ್ಣಿನ ಅಳತೆಯನ್ನು ಸ್ಕೇಲಿನಿಂದ ನೀವೇ ಅಳೆಯಿರಿ, ಬೋಲ್ಟುಗಳೂ ಸ್ಟೇನ್‌ಲೆಸ್ ಆಗಿವೆಯೇ ಎಂದು ಕೇಳಿ, ಚಕ್ರದ ಗೂಡನ್ನು ಸೇರಿಸಿ ಕೊಡುತ್ತಾರೆಯೇ ಎಂದು ಖಚಿತ ಮಾಡಿಕೊಳ್ಳಿ. ನನಗೆ ಕೊಟ್ಟ ಬೋಲ್ಟುಗಳು ಸಾಧಾರಣ ಕಬ್ಬಿಣದವು. ಹದಿನಾಲ್ಕರಲ್ಲಿ ಐದನ್ನು ಕಳೆದ ತಿಂಗಳ ಸರ್ವಿಸಿನಲ್ಲಿ ಕತ್ತರಿಸಿಯೇ ತೆಗೆಯಬೇಕಾಯಿತು. ಜಾಲರಿ ಮಾತ್ರ ತೊಳೆದ ಮೇಲೆ ಮೊದಲ ದಿನದಂತೆಯೇ ಇತ್ತು.