ಪ್ರೋಗ್ರಾಮ್ ಕಾಪಿ ಆಗದಿರಲು: ಪರ್ಮಿಷನ್, ಡಾಂಗಲ್, ರಿಮೋಟ್ ಡೆಸ್ಕ್‌ಟಾಪ್

ಮಂಗಳೂರು ಬಂದರಿನ ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ಫೈಲು ಇರುವುದು ಸರ್ವರಿನ ಶೇರ್ಡ್ ಫೋಲ್ಡರಿನಲ್ಲಿ. ಗುಮಾಸ್ತರೆಲ್ಲ ಅಲ್ಲಿಂದಲೇ ತೆರೆಯುತ್ತಾರೆ. ಪೆನ್‌ಡ್ರೈವಿಗೆ ಹಾಕಿಕೊಂಡು ಪಕ್ಕದ ಮಂಡಿಗೆ ಕೊಡಲು ಎಷ್ಟು ಹೊತ್ತು ಬೇಕು? ಹಾಗಾಗಿ ತಡೆಯುವ ಮೂರು ದಾರಿಗಳನ್ನೂ ಅಲ್ಲೇ ಹಾಕಿ ನೋಡಿದೆ.

ಖರ್ಚಿಲ್ಲದ್ದು ವಿಂಡೋಸ್ ಪರ್ಮಿಷನ್. ಸಾಮಾನ್ಯ ಪುಟದಲ್ಲಿ ರೀಡ್ (ಓದುವುದು) ಮತ್ತು ಎಕ್ಸಿಕ್ಯೂಟ್ (ಓಡಿಸುವುದು) ಒಂದೇ ಟಿಕ್‌ನಲ್ಲಿವೆ. ಅಡ್ವಾನ್ಸ್ಡ್‌ಗೆ ಹೋಗಿ ರೀಡ್ ಡೇಟಾ ತೆಗೆದು, ಎಕ್ಸಿಕ್ಯೂಟ್ ಮಾತ್ರ ಉಳಿಸಬಹುದು. ಆಮೇಲೆ ಕಾಪಿ ಮಾಡಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಆದರೆ ಶುರುವಾಗುವಾಗ ತನ್ನದೇ ಫೈಲನ್ನು ಇನ್ನೊಮ್ಮೆ ಓದುವ ಪ್ರೋಗ್ರಾಮ್ ಏಳುವುದೇ ಇಲ್ಲ. ನನ್ನದು ಅಂಥದ್ದೇ. ಎದ್ದರೂ, ಅದರ ಕೋಡ್ ನೆಟ್‌ವರ್ಕ್ ದಾಟಿ ಗುಮಾಸ್ತರ ಕಂಪ್ಯೂಟರಿನ ಮೆಮೊರಿಗೆ ಬಂದೇ ಓಡಬೇಕು, ಅಲ್ವಾ? ಗೊತ್ತಿದ್ದವರು ಅಲ್ಲಿಂದ ಎತ್ತುತ್ತಾರೆ. ನೋವೆಲ್ ನೆಟ್‌ವೇರ್ ಎಂಬ ಹಳೆಯ ಸರ್ವರ್ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ಎಕ್ಸಿಕ್ಯೂಟ್ ಓನ್ಲಿ ಎಂಬ ಗುರುತಿತ್ತು. ಒಮ್ಮೆ ಹಾಕಿದರೆ ತೆಗೆಯಲಿಕ್ಕಾಗದು, ಬ್ಯಾಕಪ್ಪಿಗೂ ಸಿಗದು. ಹೊಸ ಆವೃತ್ತಿ ಬಂದರೆ ಹಳೆಯದನ್ನು ಅಳಿಸಿಯೇ ಹಾಕಬೇಕಿತ್ತು.

ಡಾಂಗಲ್ ಎಂದರೆ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಯುಎಸ್‌ಬಿ ಕೀ. ಅದರ ಯೋಚನೆಯೇ ಬೇರೆ. ಫೈಲು ಎಲ್ಲಿಗೆ ಬೇಕಾದರೂ ಹೋಗಲಿ, ಕೀ ಸಿಗದಿದ್ದರೆ ಓಡುವುದಿಲ್ಲ. ನೆಟ್‌ವರ್ಕ್ ಡಾಂಗಲ್ ಆದರೆ ಸರ್ವರಿಗೆ ಒಂದು ಚುಚ್ಚಿದರೆ ಸಾಕು, ಒಂದೇ ಸಲಕ್ಕೆ ಎಷ್ಟು ಜನ ಬಳಸಬಹುದು ಎಂಬುದನ್ನೂ ಅದೇ ನೋಡಿಕೊಳ್ಳುತ್ತದೆ. ಆರಂಭದಲ್ಲಿ ಒಮ್ಮೆ ಮಾತ್ರ ಕೀ ಕೇಳಿದರೆ ಆ ಒಂದು ತಪಾಸಣೆಯನ್ನು ಕಿತ್ತುಹಾಕುವುದು ಸುಲಭ. ಅದಕ್ಕೆ ತೂಕ, ದರ ಲೆಕ್ಕ ಹಾಕುವ ಜಾಗಗಳಲ್ಲೂ ಕೇಳುವಂತೆ ಬರೆದೆ. ಉಪ್ಪುಗಾಳಿಗೆ ತುದಿ ಕಪ್ಪಾಗುತ್ತದೆ, ಆಗಾಗ ಒರೆಸಬೇಕು. ಅಷ್ಟೇ ತಕರಾರು.

ಕಾವಲು ಜಾಸ್ತಿ ಗಟ್ಟಿಯಾಗಿರುವುದು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ. ಪ್ರೋಗ್ರಾಮ್ ಸರ್ವರಿನಲ್ಲೇ ಓಡುತ್ತದೆ, ಗುಮಾಸ್ತರಿಗೆ ಬರುವುದು ಪರದೆ ಮಾತ್ರ. ಗ್ರೂಪ್ ಪಾಲಿಸಿ ಎಂಬ ವಿಂಡೋಸ್ ಸೆಟ್ಟಿಂಗಿನಲ್ಲಿ ಕ್ಲಿಪ್‌ಬೋರ್ಡ್ ಮತ್ತು ಡ್ರೈವ್ ಹಂಚಿಕೆ ಮುಚ್ಚಬೇಕು, ಇಲ್ಲದಿದ್ದರೆ ಅವುಗಳ ಮೂಲಕವೇ ಫೈಲು ಹೊರಗೆ ಹೋಗುತ್ತದೆ, ಎಲ್ಲ ಸುಮ್ನೆ. ಪರವಾನಗಿಯ ಖರ್ಚು ಮಾತ್ರ ಮಂಡಿಯ ಕೈಗೆ ಭಾರ. 120 ದಿನ ಹಾಗೇ ನಡೆಯುತ್ತದೆ, ಆಮೇಲೆ ಬಳಸುವ ಒಬ್ಬೊಬ್ಬರಿಗೂ, ಇಲ್ಲವೇ ಒಂದೊಂದು ಕಂಪ್ಯೂಟರಿಗೂ ಲೈಸೆನ್ಸ್ ಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬಿಲ್ ಕಳಿಸಿದರೆ ಎಳೆದೆಳೆದು ಬಂತು. ಸಾಲಿನಲ್ಲಿ ನಿಂತ ರೈತರ ಎದುರು ಅದು ನಡೆಯುವುದಿಲ್ಲ.

ಈ ಮಂಡಿಗೆ ಡಾಂಗಲ್ಲನ್ನೇ ಇಟ್ಟಿದ್ದೇನೆ. ಧಣಿಗಳು ಪುತ್ತೂರಿನಲ್ಲಿ ಶಾಖೆ ತೆರೆದರೆ ರಿಮೋಟ್‌ಗೆ ಹೋಗಬೇಕಾದೀತು, ಆಗ ಪ್ರಿಂಟರನ್ನೂ ಬದಲಿಸಿ ಎನ್ನುತ್ತೇನೆ.