ಫ್ಯೂಸ್ ಬಾಕ್ಸ್ ಇರುವ ರೂಮನ್ನು ಬಾತ್‌ರೂಮ್ ಮಾಡುವ ಮೊದಲು ಇದನ್ನು ಓದಿ

ಅಮ್ಮನಿಗೆ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿತ್ತು. ಹಾಗಾಗಿ ಕೆಳಗೆ ಅವರ ರೂಮಿನ ಪಕ್ಕದ ಸ್ಟೋರ್ ರೂಮನ್ನೇ ಬಾತ್‌ರೂಮ್ ಮಾಡೋಣ ಅಂದುಕೊಂಡೆವು. ನೀರಿನ ಪೈಪು ಹತ್ತಿರದಲ್ಲೇ ಇತ್ತು, ಕಿಟಕಿಯೂ ಇತ್ತು. ತೊಡಕು ಒಂದೇ. ಇಡೀ ಮನೆಯ ಫ್ಯೂಸ್ ಬಾಕ್ಸ್ ಅದೇ ರೂಮಿನ ಗೋಡೆಯ ಮೇಲಿತ್ತು.

ಕೆಲಸ ವಹಿಸಿಕೊಂಡವರು ಅದಕ್ಕೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. "ಎತ್ತರದಲ್ಲಿದೆ ಅಲ್ವಾ ಸಾರ್, ನೀರು ಅಲ್ಲಿವರೆಗೆ ಹಾರಲ್ಲ. ಒಂದು ಬಾಗಿಲು ಮಾಡಿಸಿ ಮುಚ್ಚಿಬಿಡೋಣ" ಅಂದರು. ಖರ್ಚು ಉಳಿಯುತ್ತದೆ ಅಂತ ನಾನೂ ತಲೆಯಾಡಿಸಿದೆ. ತಪ್ಪು ನನ್ನದೂ ಇದೆ.

ನೀರು ಹಾರಲಿಲ್ಲ, ನಿಜ. ಆದರೆ ಹಬೆಗೆ ಬಾಗಿಲು ಯಾವ ಲೆಕ್ಕ? ಎರಡು ತಿಂಗಳಾಗಿರಬಹುದು, ಗೀಸರ್ ಹಾಕಿದಾಗೆಲ್ಲ ಅದರ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್, ಟ್ರಿಪ್ ಆಗತೊಡಗಿತು. ಕವರ್ ಬಿಚ್ಚಿಸಿ ನೋಡಿದರೆ ಒಳಮೈಗೆಲ್ಲ ಸಣ್ಣ ಸಣ್ಣ ಹನಿ, ತಣ್ಣೀರಿನ ಲೋಟದ ಹೊರಗೆ ಕೂತಿರುತ್ತದಲ್ಲ, ಹಾಗೆ. ನ್ಯೂಟ್ರಲ್ ಪಟ್ಟಿಯ ಸ್ಕ್ರೂಗಳ ಸುತ್ತ ಹಸಿರು ಕಿಲುಬು. ಕಿಲುಬು ಹಿಡಿದು ಹಿಡಿತ ಕೆಟ್ಟ ಕಡೆ ವೈರು ಬಿಸಿಯಾಗುತ್ತದೆ. ಗೀಸರಿನ ಎಂಸಿಬಿಗೆ ಹೋಗುವ ವೈರಿನ ತುದಿ ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಆ ಬಿಸಿಗೇ ಅದು ಟ್ರಿಪ್ ಆಗುತ್ತಿದ್ದದ್ದು. ಅಮೆರಿಕದ ವೈರಿಂಗ್ ನಿಯಮದ ಪ್ರಕಾರ ಮನೆಯ ಬಾತ್‌ರೂಮಿನಲ್ಲಿ ಫ್ಯೂಸು, ಬ್ರೇಕರು ಇಡುವ ಹಾಗೇ ಇಲ್ಲ. ಇದನ್ನು ನಾನು ಓದಿದ್ದು ಎಲ್ಲ ಆದಮೇಲೆ.

ಸರಿ, ಬಾಕ್ಸನ್ನು ಹೊರಗಿನ ಪ್ಯಾಸೇಜಿಗೆ ಹಾಕೋಣ ಅಂತಾಯಿತು. ನಾಲ್ಕೇ ಅಡಿ ದೂರ. ಬಂದ ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಆಫ್ ಮಾಡಿ ಕಟಿಂಗ್ ಪ್ಲೇಯರ್ ಕೈಗೆತ್ತಿಕೊಂಡರು. ಯಾಕೋ ಅನುಮಾನ ಬಂದು "ಟೆಸ್ಟರ್ ಇಟ್ಟು ನೋಡಿ" ಅಂದೆ. ದೀಪ ಹತ್ತಿತು! ಮೇನ್ ಸ್ವಿಚ್ ಆಫ್ ಮಾಡಿದರೆ ಕರೆಂಟ್ ಹೋಗುವುದು ಅದರ ಮುಂದಿನ ವೈರುಗಳಲ್ಲಿ ಮಾತ್ರ. ಮೀಟರಿನಿಂದ ಅದಕ್ಕೆ ಬರುವ ವೈರಿನಲ್ಲಿ ಇದ್ದೇ ಇರುತ್ತದೆ. ಅದನ್ನು ಕರೆಂಟ್ ಕೊಡುವ ಕಂಪನಿಯವರಿಗೆ ಹೇಳಿ ತಪ್ಪಿಸಬೇಕು, ಮೀಟರಿನ ಸೀಲ್ ನಾವಾಗಿ ಮುಟ್ಟಬಾರದು. ಇಷ್ಟು ಗೊತ್ತಿಲ್ಲದವರನ್ನು ಆ ಕ್ಷಣವೇ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ.

ಲೈನ್ ತಪ್ಪಿಸಿಕೊಟ್ಟ ಮೇಲೆ ಅವರೇ ಬಾಕ್ಸ್ ಸಾಗಿಸಿದರು. ಹಳೇ ವೈರುಗಳೆಲ್ಲ ಹಳೇ ಜಾಗದ ಅಳತೆಗೆ ಕತ್ತರಿಸಿದ್ದವು, ಹೊಸ ಜಾಗಕ್ಕೆ ಎಟುಕಲಿಲ್ಲ. ಒಂದೊಂದಕ್ಕೂ ತುಂಡು ವೈರು ಸೇರಿಸಿ, ಕೈಯಲ್ಲೇ ತಿರುಚಿ, ಟೇಪ್ ಸುತ್ತಿ, ಹಳೇ ಬಾಕ್ಸಿನ ಗೂಡಿಗೆ ತುರುಕಿದರು. ಅದರ ಮೇಲೆ ಗಾರೆ, ಗಾರೆಯ ಮೇಲೆ ಟೈಲ್ಸ್. ಸಂಜೆ ಲೈಟೆಲ್ಲ ಹತ್ತಿದವು, ನಾನೂ ಖುಷಿಯಾಗಿ ದುಡ್ಡು ಕೊಟ್ಟೆ.

ಕಂಡುಹಿಡಿದದ್ದು ಅಮ್ಮ. ಒಳಗೆ ಹೋಗುವಾಗ ಗೋಡೆ ಹಿಡಿದುಕೊಂಡು ನಡೆಯುವುದು ಅವರ ಅಭ್ಯಾಸ. ಒಂದು ದಿನ "ಈ ಜಾಗದಲ್ಲಿ ಗೋಡೆ ಯಾಕೋ ಬೆಚ್ಚಗಿದೆ ಕಣೋ" ಅಂದರು. ಬಿಸಿನೀರಿನ ಪೈಪಿರಬೇಕು ಅಂದೆ. ಆ ಗೋಡೆಯಲ್ಲಿ ಪೈಪೇ ಇರಲಿಲ್ಲ.

ಬೇರೆ ಎಲೆಕ್ಟ್ರಿಷಿಯನ್ ಬಂದು ಟೈಲ್ಸ್ ಒಡೆಸಿದರು. ಗೀಸರಿನ ಜಾಯಿಂಟಿನ ಮೇಲೆ ಟೇಪು ಕರಗಿ ಅಂಟಂಟಾಗಿತ್ತು, ಪಕ್ಕದ ವೈರಿನ ಮೇಲ್ಪದರವೂ ಮೆತ್ತಗಾಗಿತ್ತು. 3 ಕಿಲೋವಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಕೈಯಲ್ಲಿ ತಿರುಚಿದ ಜಾಯಿಂಟು ಎಷ್ಟು ದಿನ ತಡೆದೀತು?

ಇವರು ಗೀಸರ್, ಅಡುಗೆಮನೆಯಂಥ ಜಾಸ್ತಿ ಲೋಡಿನ ಲೈನುಗಳಿಗೆ ಜಾಯಿಂಟೇ ಇಲ್ಲದ ಹೊಸ ವೈರು ಎಳೆದರು. ಉಳಿದವನ್ನು ಮೇಲಕ್ಕೆ ಎಳೆದು, ಪ್ಯಾಸೇಜಿನ ಸೀಲಿಂಗಿನಲ್ಲಿ ಜಂಕ್ಷನ್ ಬಾಕ್ಸ್ ಕೂರಿಸಿ, ಕನೆಕ್ಟರಿನಲ್ಲಿ ಸೇರಿಸಿದರು. ಮುಚ್ಚಳ ತೆಗೆದರೆ ಎಲ್ಲ ಕಾಣುತ್ತದೆ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಮೈಗೋ ನೆಲಕ್ಕೋ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್. ನಮ್ಮಲ್ಲಿ ಅಲ್ಲಿವರೆಗೆ ಬರೀ ಎಂಸಿಬಿ ಇತ್ತು. ಅದು ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಜೀವ ತೆಗೆಯುವಷ್ಟು ಕರೆಂಟ್ ಮೈಯಲ್ಲಿ ಹರಿದರೂ 16 ಆಂಪಿಯರಿನ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಹೊಸ ಬಾತ್‌ರೂಮ್ ಮಾಡಿಸುವವರು ಆರ್‌ಸಿಸಿಬಿ ಒಂದರಲ್ಲಿ ಮಾತ್ರ ಜುಗ್ಗತನ ಮಾಡಬೇಡಿ.

ಟೈಲ್ಸ್ ಆರಿಸಲು ಓಡುವ ಮೊದಲು ಬಾಕ್ಸ್ ಎಲ್ಲಿಗೆ ಹೋಗುತ್ತದೆ ಅಂತ ಗಟ್ಟಿ ಮಾಡಿಕೊಳ್ಳಿ. ವೈರು ಗಿಡ್ಡ ಬಂದರೆ ಏನು ಮಾಡ್ತೀರಿ, ಜಾಯಿಂಟ್ ಎಲ್ಲಿ ಬರುತ್ತದೆ ಅಂತ ಕೇಳಿ. "ಟೇಪ್ ಸುತ್ತಿ ಒಳಗೆ ಹಾಕಿಬಿಡೋಣ" ಅಂದರೆ ಬೇರೆಯವರನ್ನು ಹುಡುಕಿ. ಗೋಡೆ ಮುಚ್ಚುವ ಮೊದಲು ಫೋಟೋ ತೆಗೆದಿಡಿ. ನನ್ನ ಹತ್ತಿರ ಒಂದೂ ಇರಲಿಲ್ಲ, ಅಮ್ಮ ಬೆರಳಿಟ್ಟು ತೋರಿಸಿದ ಕಡೆಯೇ ಒಡೆದೆವು.

ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗಲಿಲ್ಲ. ಒಡೆದ ಜಾಗದಲ್ಲಿ ಈಗ ನಾಲ್ಕು ಟೈಲ್ಸ್ ತುಸು ತಿಳಿಬಣ್ಣದವು. ಅಮ್ಮ ಈಗಲೂ ಒಳಗೆ ಹೋದ ತಕ್ಷಣ ಅಲ್ಲಿ ಅಂಗೈ ಒತ್ತಿ ನೋಡುತ್ತಾರೆ.