ವಖಾರಿಯ 8 ಲಕ್ಷ, ಬೆಂಗಳೂರಿನ 25 ಲಕ್ಷ

ಶಿರಸಿಯಲ್ಲಿ ನಮ್ಮದು ಮುರುಗಲು (ಕೋಕಂ) ಹಣ್ಣಿನ ಸಿರಪ್ಪು, ಒಣಸಿಪ್ಪೆಯ ಸಣ್ಣ ಕಂಪನಿ. ಎರಡು ಕಡೆಯ ಬಂಡವಾಳ ಪಡೆದು ನೋಡಿದ್ದೇನೆ: ಮೊದಲು ಊರಿನ ಅಡಿಕೆ ವಖಾರಿಯ ಸಾಹುಕಾರರದ್ದು, ಆಮೇಲೆ ಬೆಂಗಳೂರಿನ ಏಂಜೆಲ್ ಹೂಡಿಕೆದಾರರೊಬ್ಬರದ್ದು, ಅಂದರೆ ಹೊಸ ಕಂಪನಿಗಳಿಗೆ ಸ್ವಂತ ದುಡ್ಡು ಹಾಕುವವರದ್ದು.

ಸಾಹುಕಾರರಿಗೆ ನಮ್ಮ ಹಂಗಾಮು ಬಿಡಿಸಿ ಹೇಳಬೇಕಾಗಲಿಲ್ಲ. ವರ್ಷದ ಹಣ್ಣನ್ನೆಲ್ಲ ಏಪ್ರಿಲ್, ಮೇ ತಿಂಗಳಲ್ಲೇ ಕೊಳ್ಳಬೇಕು. ಮಾರಾಟದ ದುಡ್ಡು ಮುಂದಿನ ಬೇಸಿಗೆಯವರೆಗೆ ಚೂರುಚೂರಾಗಿ ಬರುತ್ತದೆ. ಒಂದು ವರ್ಷ ಮೇ ಕೊನೆಗೇ ಮಳೆ ಹಿಡಿಯಿತು. ಅಂಗಳದ ಸಿಪ್ಪೆ ಅಂಟಂಟಾಗಿ ಬೂಷ್ಟು ಹಿಡಿಯತೊಡಗಿತು. ಫೋನು ಮಾಡಿದ ತಾಸಿನೊಳಗೆ ಸಾಹುಕಾರರು ಜೀಪಿನಲ್ಲಿ ತಾಡಪಾಲು ಹೇರಿಕೊಂಡು ಬಂದರು, ತಮ್ಮ ಡ್ರೈಯರನ್ನೂ ಬಿಟ್ಟುಕೊಟ್ಟರು. "ತಮ್ಮಾ, ದುಡ್ಡಿನ ಮಾತು ಆಮೇಲೆ, ಮೊದ್ಲು ಮಾಲು ಉಳಿಸು" ಅಂದರು.

ತೊಡಕಾದದ್ದು ಕಾಗದದಲ್ಲಿ. 8 ಲಕ್ಷ ಬ್ಯಾಂಕಿನ ಮೂಲಕವೇ ಬಂದಿತ್ತು. ಸಾಲವೋ ಷೇರೋ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬೆಂಗಳೂರಿನವರ ಲೆಕ್ಕಿಗರು ಕಡತ ಬಿಚ್ಚಿದಾಗ ಮೊದಲ ಪ್ರಶ್ನೆಯೇ ಅದು. ನಾನು ಬಡ್ಡಿ ಸಾಲ ಅಂದುಕೊಂಡಿದ್ದೆ, ಸಾಹುಕಾರರು ಮೂರನೇ ಒಂದು ಪಾಲು ತಮ್ಮದು ಅಂದುಕೊಂಡಿದ್ದರು. ಬಗೆಹರಿಯಲು ನಾಲ್ಕು ತಿಂಗಳು ಬೇಕಾಯಿತು. ಆ ಸಲದ ಹಣ್ಣು ಕೈತಪ್ಪಿತು.

ಬೆಂಗಳೂರಿನವರದ್ದು ಕನ್ವರ್ಟಿಬಲ್ ನೋಟ್. ಮಾನ್ಯತೆ ಪಡೆದ ಸ್ಟಾರ್ಟಪ್ಪಿಗೆ ಒಬ್ಬರು ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ಮೊದಲು ಸಾಲ, ಮುಂದೆ ಷೇರಾಗಬಹುದು. ಕಂಪನಿ ಮಾರಿದರೆ ಹಾಕಿದ್ದರ ಎರಡು ಪಟ್ಟು ಮೊದಲು ತಮಗೆ ಎಂಬ ಷರತ್ತಿತ್ತು. ಒಂದು ಪಟ್ಟಿಗೆ ಇಳಿಸಿ ಎಂದು ಕೇಳಿದೆ, ಇಳಿಸಿದರು. ಎಲ್ಲವೂ ಅಚ್ಚುಕಟ್ಟು. ಆದರೆ ಜೂನಿನಲ್ಲಿ ಖಾತೆ ಬರಿದಾದದ್ದು ನೋಡಿ ಗಾಬರಿಯಾದರು. ಗೋದಾಮಿನಲ್ಲಿ ಪೇರಿಸಿದ್ದ ಡ್ರಮ್ಮುಗಳನ್ನು ವಿಡಿಯೊ ಕಾಲ್‌ನಲ್ಲಿ ಒಂದೊಂದಾಗಿ ತೋರಿಸಿದ ಮೇಲೆ ಸಮಾಧಾನವಾಯಿತು.

ಯಂತ್ರ ಕೊಳ್ಳಲು ಇಬ್ಬರ ಹತ್ತಿರವೂ ಹೋಗಬೇಡಿ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ಸಹಾಯಧನ ಇತ್ತು; ಈಗಲೂ ಇದೆಯೇ ಎಂದು ಮೊದಲು ಬ್ಯಾಂಕಿನಲ್ಲಿ ಕೇಳಿ. ಯಂತ್ರಕ್ಕಾಗಿ ಪಾಲು ಮಾರುವುದು ದಂಡ.

ಮತ್ತೆ ಶುರು ಮಾಡುವುದಾದರೆ ಮೊದಲ ದುಡ್ಡು ವಖಾರಿಯಿಂದಲೇ ತರುತ್ತೇನೆ, ಮೊದಲ ದಿನವೇ ಕರಾರು ಬರೆಸಿಕೊಂಡು. ಸಾಹುಕಾರರ ನಡತೆ ಊರಿಗೇ ಗೊತ್ತು, ಬೆಂಗಳೂರಿನವರದ್ದು ಯಾರನ್ನು ಕೇಳುವುದು? ಸಹಿ ಹಾಕುವ ಮೊದಲು ನಾನು ಅವರನ್ನೇ ಕೇಳಿದೆ: "ನೀವು ದುಡ್ಡು ಹಾಕಿ ಮುಚ್ಚಿಹೋದ ಕಂಪನಿಯವರ ನಂಬರು ಕೊಡಿ." ತಕ್ಷಣ ಕೊಟ್ಟರು. ಆ ಕಡೆಯ ಹೆಣ್ಣುಮಗಳು ಅರ್ಧ ತಾಸು ಮಾತಾಡಿದರು: "ಬಾಗಿಲು ಹಾಕಿದ ವಾರ ಅವರು ಲೆಕ್ಕ ಕೇಳಲಿಲ್ಲ, ಕೆಲಸಗಾರರ ಸಂಬಳ ಪೂರ್ತಿ ಆಯಿತಾ ಅಂತ ಕೇಳಿದರು." ಅಂದೇ ಸಂಜೆ ಸಹಿ ಹಾಕಿದೆ.